ಕಿಡ್ನಿ ಅಂದರೆ ಹರಳು ಅನ್ನುವ ಊರಿಗೆ ಹೇಗೆ ಹೇಳಲಿ?

ಕಬ್ಬಿನ ಹುಡುಗ, ಮುಧೋಳ:
ನಮಸ್ಕಾರ. ನಮ್ಮ ಅಪ್ಪನ ಕಿಡ್ನಿ ಕೆಟ್ಟಿದೆ, ಮಷೀನಿನಿಂದ ರಕ್ತ ಸೋಸಿಸಲು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಾರೆ. ಒಂದು ಸಲಕ್ಕೆ ನಾಲ್ಕು ತಾಸು. ಹತ್ತು ವರ್ಷದಿಂದ ಬಿಪಿ ಇತ್ತು. ತಲೆ ಸುತ್ತಿದ ದಿನ ಮಾತ್ರ ಅದರ ಗುಳಿಗೆ ನುಂಗುತ್ತಿದ್ದರು. ಮೊಣಕಾಲು ನೋವಿನ ಗುಳಿಗೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ಮುಖ ಊದಿದ್ದರೆ ‘ನಿದ್ದೆ ಜಾಸ್ತಿ ಆಗಿದೆ’ ಅಂತ ನಾವೇ ನಗುತ್ತಿದ್ದೆವು.

ಈ ಕಾಯಿಲೆ ಬಗ್ಗೆ ಊರಿಗೆ ಹೇಳಲು ಗಣಪತಿ ಮಂಡಳಿಯವರು ಹತ್ತು ನಿಮಿಷ ಮೈಕು ಕೊಡುತ್ತೇವೆ ಎಂದಿದ್ದಾರೆ. ಆದರೆ ನಮ್ಮೂರಲ್ಲಿ ಕಿಡ್ನಿ ಅಂದರೆ ಹರಳು, ಅಷ್ಟೇ. ನೋಡಲು ಬಂದವರೆಲ್ಲ ‘ಬಾಳೆದಿಂಡಿನ ರಸ ಕುಡಿಸು, ನೀರು ಜಾಸ್ತಿ ಕೊಡು’ ಅನ್ನುತ್ತಾರೆ. ಅವ್ವ ಅಪ್ಪನಿಗೆ ನೀರನ್ನು ಲೋಟದಲ್ಲಿ ಅಳೆದು ಕೊಡುತ್ತಾಳೆ! ಮೊನ್ನೆ ಕಾಕಾ ನಾಲ್ಕು ಎಳನೀರು ತಂದಿದ್ದರು. ಇವರಿಗೆಲ್ಲ ಎಲ್ಲಿಂದ ಶುರು ಮಾಡಲಿ?

ಡಯಾಲಿಸಿಸ್ ಟೆಕ್ನಿಷಿಯನ್, ವಿಜಯಪುರ:
ಎಳನೀರಿನಿಂದಲೇ ಶುರು ಮಾಡಿ, ಅಣ್ಣಾ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೆಟ್ಟವರಲ್ಲಿ ಅದು ಹೊರಗೆ ಹೋಗದೆ ರಕ್ತದಲ್ಲೇ ಉಳಿದು ಹೃದಯದ ಬಡಿತ ಕೆಡಿಸುತ್ತದೆ. ಕಾಕಾ ಪ್ರೀತಿಯಿಂದಲೇ ತಂದಿರುತ್ತಾರೆ, ಪಾಪ.

ಆಮೇಲೆ ಹರಳಿಗೂ ಇದಕ್ಕೂ ಇರುವ ಫರಕು ಹೇಳಿ. ಹರಳಿನ ನೋವು ಬಂದರೆ ಮನುಷ್ಯ ಹೊರಳಾಡುತ್ತಾನೆ, ರಾತ್ರೋರಾತ್ರಿ ದವಾಖಾನೆಗೆ ಓಡುತ್ತಾನೆ. ಇದು ಹೆಚ್ಚಿನವರಿಗೆ ನೋಯುವುದೇ ಇಲ್ಲ. ‘ಮೊನ್ನೆ ತನಕ ಹೊಲಕ್ಕೆ ಹೋಗುತ್ತಿದ್ದೆನಲ್ರೀ’ ಅನ್ನುವ ಮಾತು ನಮ್ಮ ವಾರ್ಡಿನಲ್ಲಿ ಎಷ್ಟು ಸಲ ಕೇಳಿದ್ದೇನೋ.

ಆಶಾ ಅಕ್ಕ, ಗೋಕಾಕ:
ತಮ್ಮಾ, ಭಾಷಣ ಮಾಡಬೇಡ. ‘ಮೂತ್ರಪಿಂಡ’ ಅಂದರೆ ಅರ್ಧ ಜನ ಎದ್ದು ಹೋಗುತ್ತಾರೆ. ನಾನು ಸಂಘದ ಸಭೆಯಲ್ಲಿ ಬಿಪಿ, ಶುಗರ್ ಇದ್ದವರು ಕೈ ಎತ್ತಿ ಅನ್ನುತ್ತೇನೆ. ತುಂಬಾ ಕೈ ಏಳುತ್ತವೆ. ಕ್ರಿಯಾಟಿನಿನ್ ನೋಡಿಸಿದವರು ಮಾತ್ರ ಕೈ ಇಳಿಸಬೇಡಿ ಅಂದರೆ ಒಂದೋ ಎರಡೋ ಉಳಿಯುತ್ತವೆ. ಆಗ ತಾವೇ ಕೇಳುತ್ತಾರೆ, ಅದೇನದು ಅಂತ. ವರ್ಷಕ್ಕೊಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸ; ಮೂತ್ರದಲ್ಲಿ ಅಲ್ಬುಮಿನ್, ಅಂದರೆ ಕಿಡ್ನಿ ಕೆಟ್ಟರೆ ಸೋರುವ ಪ್ರೋಟೀನ್. ಎರಡೇ ಹೆಸರು ಹೇಳು, ಜಾಸ್ತಿ ಬೇಡ.

ವಿಶ್ವ ಕಿಡ್ನಿ ದಿನ ಮಾರ್ಚ್‌ನ ಎರಡನೇ ಗುರುವಾರ ಬರುತ್ತದೆ. ಆ ಬಿಸಿಲಲ್ಲಿ ಯಾರು ಬರುತ್ತಾರೆ? ಗಣಪತಿಯೇ ಬರೋಬ್ಬರಿ.

ಕಬ್ಬಿನ ಹುಡುಗ, ಮುಧೋಳ:
ಅಕ್ಕಾ, ನಿಮ್ಮ ಮಾತು ಓದಿ ಮೊದಲು ಅವ್ವನಿಗೇ ಟೆಸ್ಟ್ ಮಾಡಿಸಿದೆ. ಅವಳಿಗೆ ಶುಗರ್ ಇದೆ. ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ತೋರಿಸುವ ಇಜಿಎಫ್‌ಆರ್ 58 ಬಂದಿದೆ. ಹೆದರಿ ನನ್ನ ಕೈಕಾಲು ತಣ್ಣಗಾಗಿವೆ.

ಡಯಾಲಿಸಿಸ್ ಟೆಕ್ನಿಷಿಯನ್, ವಿಜಯಪುರ:
ಒಂದೇ ರಿಪೋರ್ಟಿಗೆ ಹೆದರಬೇಡಿ. ಮೂರು ತಿಂಗಳಾದ ಮೇಲೂ 60ರ ಕೆಳಗೇ ಇದ್ದರೆ ಆಗ ಅದನ್ನು ಸಿಕೆಡಿ, ಅಂದರೆ ಬಹುಕಾಲದ ಕಿಡ್ನಿ ಕಾಯಿಲೆ, ಅನ್ನುತ್ತಾರೆ. ಡಾಕ್ಟರಿಗೆ ತೋರಿಸಿ, ಮೂತ್ರದ ಟೆಸ್ಟೂ ಆಗಲಿ. ಡಯಾಲಿಸಿಸ್ ಮಾತು ಬರುವುದು ಸಾಮಾನ್ಯವಾಗಿ 15ಕ್ಕಿಂತ ಕೆಳಗೆ ಇಳಿದ ಮೇಲೆ. ಈಗಲೇ ಶುಗರ್, ಬಿಪಿ ಹಿಡಿತಕ್ಕೆ ತಂದರೆ ಅಷ್ಟು ದೂರ ಹೋಗದಂತೆ ತಡೆಯುವ ದಾರಿ ಇದೆ. ಅವ್ವನೂ ಅಪ್ಪನ ನೋವಿನ ಗುಳಿಗೆ ತೆಗೆದುಕೊಳ್ಳುತ್ತಿದ್ದರಾ? ವಿಚಾರಿಸಿ, ಅದನ್ನು ದಿನವೂ ನುಂಗಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು.

ಕಬ್ಬಿನ ಹುಡುಗ, ಮುಧೋಳ:
ವಿಚಾರಿಸಿದೆ. ಒಂದೇ ಡಬ್ಬಿಯಂತೆ.

ಮೈಕು ಈಗ ಅಪ್ಪನೇ ಹಿಡಿಯುತ್ತಾರಂತೆ. ಎಡಗೈಯ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿಗೆಂದು ರಕ್ತನಾಳ ಜೋಡಿಸಿದ ಜಾಗ, ಅದರ ಮೇಲೆ ಕೈಯಿಟ್ಟರೆ ಗುಂಯ್ ಅನ್ನುತ್ತದೆ. ಓಣಿಯ ಹುಡುಗರು ‘ಕಾಕಾ, ಒಳಗೆ ಮೋಟಾರ್ ಐತೇನ್ರೀ’ ಅಂತ ಮುಟ್ಟಿ ನೋಡುತ್ತಾರೆ. ಅದನ್ನೇ ಮೊದಲು ತೋರಿಸುತ್ತಾರಂತೆ. ಡಯಾಲಿಸಿಸ್ ಇಲ್ಲದ ದಿನ ನೋಡಿ, ಮಂಗಳವಾರ ಇಡಿ ಎಂದು ಮಂಡಳಿಯವರಿಗೆ ಹೇಳಿದ್ದೇನೆ.