ಅಜ್ಜಿಯ ಕ್ಯಾಸೆಟ್ಟುಗಳು: ಹಾಡಿನೊಟ್ಟಿಗೆ ನೆನಪನ್ನೂ ಇಳಿಸಿಕೊಳ್ಳುವುದು ಹೇಗೆ?

ಪಯಸ್ವಿನಿ_ತಡಿ:

ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಮನೆ. ಸುಮಾರು 70 ಕ್ಯಾಸೆಟ್ ಉಂಟು. ಅರ್ಧ ಅಂಗಡಿಯಿಂದ ತಂದ ಭಕ್ತಿಗೀತೆ, ಭಾವಗೀತೆ, ಸಿನಿಮಾ ಹಾಡು. ಉಳಿದದ್ದು ಮನೆಯಲ್ಲೇ ತುಂಬಿಸಿದ್ದು: ರೇಡಿಯೋದಿಂದ ಹಿಡಿದ ಹಾಡು, ತಾಳಮದ್ದಳೆ, ಮದುವೆಮನೆಯ ಶೋಭಾನೆ. ಅಜ್ಜಿಗೆ 82 ವರ್ಷ. ಒಂದೊಂದು ಹಾಡು ಕೇಳಿದಾಗಲೂ ಅವರು ಏನಾದರೊಂದು ಹೇಳುತ್ತಾರೆ. ಹಾಡನ್ನೂ ಆ ಮಾತನ್ನೂ ಒಟ್ಟಿಗೆ ಇಡಬೇಕು, ಮುಂದೆ ಕನ್ನಡ ಓದಲು ಬಾರದ ಮಕ್ಕಳಿಗೂ ಸಿಗುವ ಹಾಗೆ. ಕೈಯಲ್ಲಿರುವುದು ಒಂದು ಟೂ-ಇನ್-ಒನ್, ಒಂದು ಲ್ಯಾಪ್‌ಟಾಪ್. ಹಾಡುಗಳನ್ನು ಒಂದೊಂದಾಗಿ ಕತ್ತರಿಸಿ ಎಂಪಿ3 ಮಾಡಿ ನೆನಪನ್ನು ಅದರ ಟ್ಯಾಗಿನಲ್ಲಿ (ಫೈಲಿನೊಳಗೇ ಹಾಡಿನ ವಿವರ ಬರೆಯುವ ಜಾಗ) ಬರೆದರೆ ಸಾಕಾ?

ಚಕ್ರತಾಳ:

ಕತ್ತರಿಸುವ ಮಾತು ಆಮೇಲೆ. ಮೊದಲು ಕ್ಯಾಸೆಟ್ ಹಾಳಾಗದ ಹಾಗೆ ನೋಡಿಕೊಳ್ಳಿ. ನಮ್ಮ ಕಡೆಯ ಮಳೆಗಾಲ ಕಳೆದ ಕ್ಯಾಸೆಟ್ಟಿನಲ್ಲಿ ಬೂಷ್ಟು ಇಲ್ಲದಿದ್ದರೆ ಅದೇ ಆಶ್ಚರ್ಯ. ಕ್ಯಾಸೆಟ್ಟಿನ ಕಿಟಕಿಯಿಂದ ಟಾರ್ಚ್ ಬೆಳಕು ಬಿಟ್ಟು ಸುರುಳಿಯ ಅಂಚು ನೋಡಿ. ಬಿಳಿ ಪುಡಿ ಕಂಡರೆ ಪ್ಲೇ ಮಾಡಲೇಬೇಡಿ, ರೀಲನ್ನು ಓದುವ ಹೆಡ್ಡಿಗೆ ಹತ್ತಿ ಮುಂದಿನ ಹತ್ತು ಕ್ಯಾಸೆಟ್ಟಿಗೆ ದಾಟುತ್ತದೆ. ಅಂಥವನ್ನು ಬೇರೆ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಟ್ಟಿಗೆ ಎರಡು ಮೂರು ವಾರ ಇಟ್ಟು, ಪುಡಿ ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮೆತ್ತಗಿನ ಬ್ರಷ್ಷಿನಲ್ಲಿ ಒರೆಸಿ. ಬಿಸಿಲಿಗೆ ಇಡುವುದು ತಪ್ಪು, ಕ್ಯಾಸೆಟ್ಟಿನ ಪ್ಲಾಸ್ಟಿಕ್ ಚಿಪ್ಪು ಸೊಟ್ಟಗಾಗುತ್ತದೆ. ಇಡೀ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್ ತನಕದ ಒಣ ಹವೆ ಒಳ್ಳೆಯದು.

ಹೆಡ್ಡು ಮತ್ತು ರೀಲನ್ನು ಎಳೆಯುವ ಕ್ಯಾಪ್‌ಸ್ಟನ್ ಕಡ್ಡಿಯನ್ನು 99% ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಪ್ರತಿ ಐದಾರು ಕ್ಯಾಸೆಟ್ಟಿಗೊಮ್ಮೆ. ರಬ್ಬರ್ ಗಾಲಿಗೆ ಮಾತ್ರ ಆಲ್ಕೋಹಾಲ್ ಬೇಡ, ಒಣಗಿ ಬಿರಿಯುತ್ತದೆ. ಅದಕ್ಕೆ ಸೋಪು ನೀರು ಸಾಕು. ವರ್ಷಗಟ್ಟಲೆ ಮುಟ್ಟದ ಕ್ಯಾಸೆಟ್ಟನ್ನು ಕೊನೆಯ ತನಕ ಓಡಿಸಿ ಹಿಂದೆ ಸುತ್ತಿದ ಮೇಲೆಯೇ ಪ್ಲೇ ಮಾಡಿ. ಸುರುಳಿಯ ಬಿಗಿ ಸಮ ಆಗುತ್ತದೆ, ಪದರದಿಂದ ಪದರಕ್ಕೆ ಅಚ್ಚಾಗಿ ಹಾಡಿನ ಮೊದಲೇ ಮೆಲ್ಲಗೆ ಕೇಳುವ ಮುಂಪ್ರತಿಧ್ವನಿಯೂ ಸ್ವಲ್ಪ ಇಳಿಯುತ್ತದೆ. ರೀಲು ತುಂಡಾದರೆ ಸೆಲೋಟೇಪ್ ಹಚ್ಚಬೇಡಿ, ಅಂಟು ಒಸರುತ್ತದೆ. ಸ್ಪ್ಲೈಸಿಂಗ್ ಟೇಪ್ ಎಂದೇ ಕೇಳಿ ತನ್ನಿ. ನಡುವಿನ ಫೆಲ್ಟ್ ಪ್ಯಾಡ್ ಬಿದ್ದುಹೋದದ್ದಕ್ಕೆ ಸ್ಕ್ರೂ ಇರುವ ಬೇರೆ ಚಿಪ್ಪಿಗೆ ರೀಲು ಬದಲಿಸುವುದೇ ಸುಲಭ.

ಸ್ವರ ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಷ್ಟೇ ಆಚೀಚೆ ತಿರುಗಿಸಿ ನೋಡಿ. ತಾಳಮದ್ದಳೆಯ ಕ್ಯಾಸೆಟ್ ಇದಕ್ಕೆ ಹೇಳಿ ಮಾಡಿಸಿದ್ದು: ಚಕ್ರತಾಳದ ಝಣಕು ಎಲ್ಲಿ ಅತಿ ಚುರುಕಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಬೇರೆ ಬೇರೆ ಯಂತ್ರದಲ್ಲಿ ತುಂಬಿಸಿದ ಕ್ಯಾಸೆಟ್ಟಿಗೆ ಬೇರೆ ಬೇರೆ ಜಾಗ ಬರುತ್ತದೆ.

ಲ್ಯಾಪ್‌ಟಾಪಿನ ಮೈಕ್ ತೂತಿಗೆ ವಯರು ಹಾಕಬೇಡಿ. ಅದು ಸಣ್ಣ ಸಂಕೇತಕ್ಕೆಂದು ಮಾಡಿದ್ದು, ಸ್ವರ ಒಡೆಯುತ್ತದೆ, ಹೆಚ್ಚಿನವುಗಳಲ್ಲಿ ಸ್ಟೀರಿಯೋ ಸಹ ಇಲ್ಲ. ಲೈನ್-ಇನ್ (ಜೋರು ಸಂಕೇತಕ್ಕೆಂದೇ ಮಾಡಿದ ತೂತು) ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತನ್ನಿ. ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ 48000 ಹರ್ಟ್ಸ್, 24 ಬಿಟ್ ಇಟ್ಟು, ಅತಿ ಜೋರಿನ ಜಾಗದಲ್ಲೂ ಮಟ್ಟ -6 ಡೆಸಿಬೆಲ್ ದಾಟದ ಹಾಗೆ ವಾಲ್ಯೂಮ್ ಇಳಿಸಿ. ಈ ಲೆಕ್ಕದಲ್ಲಿ 60 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 1 ಜಿಬಿ. ಫ್ಲಾಕ್ ಎಂಬ ಬಗೆಯ ಫೈಲ್ ಮಾಡಿದರೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ, ಗುಣ ಒಂದಿಷ್ಟೂ ಹೋಗುವುದಿಲ್ಲ. ಗುಂಯ್ ಎನ್ನುವ ಸದ್ದು ಬಂದರೆ ಎರಡೂ ಯಂತ್ರಗಳನ್ನು ಬ್ಯಾಟರಿಯಲ್ಲಿ ಓಡಿಸಿ.

ಮಧೂರು_ಓದುಗ:

ಕತ್ತರಿಸುವ ವಿಷಯಕ್ಕೆ ನನ್ನ ಉತ್ತರ: ಬೇಡ. ಒಂದು ಬದಿಗೆ ಒಂದೇ ಫೈಲ್ ಇಡಿ. ಒಂದು ಹಾಡು ಮುಗಿಯುವಾಗ ಕಿವಿ ಅದರ ಮುಂದಿನದಕ್ಕೆ ಕಾಯುತ್ತದೆ, ಆ ಕ್ರಮವೇ ಅರ್ಧ ನೆನಪು. ಹಾಡುಗಳ ನಡುವೆ ರೇಡಿಯೋ ಉದ್ಘೋಷಕರ ಅರ್ಧ ವಾಕ್ಯ, ಹಂಚಿನ ಮೇಲೆ ಮಳೆ, ಯಾರೋ ಕೆಮ್ಮಿದ್ದು, ಗುಂಡಿ ಒತ್ತಿದ ಟಕ್ ಎಲ್ಲ ಉಂಟಲ್ಲ, ಅಜ್ಜಿ ಮಾತು ತೆಗೆಯುವುದು ಬಹಳ ಸಲ ಅಲ್ಲಿಯೇ. ಸದ್ದು ತೆಗೆಯುವ ಫಿಲ್ಟರನ್ನೂ ಮೂಲಪ್ರತಿಗೆ ಹಾಕಬೇಡಿ. ಆಡಾಸಿಟಿಯಲ್ಲಿ ಹಾಡು ಓಡುತ್ತಿರುವಾಗಲೇ ಕಂಟ್ರೋಲ್ ಮತ್ತು ಎಂ ಒತ್ತಿ ಗುರುತು ಹಾಕುತ್ತಾ ಹೋದರೆ ಸಾಕು. ಆ ಗುರುತುಗಳೆಲ್ಲ ಸಮಯದೊಟ್ಟಿಗೆ ಸಾದಾ ಪಠ್ಯ ಫೈಲಾಗಿ ಹೊರಗೆ ಬರುತ್ತವೆ. ಕೇಳಲು ತುಂಡು ಬೇಕಾದರೆ ನಕಲಿನಿಂದ ಮಾಡಿಕೊಳ್ಳಿ.

ಇನ್ನು ಅಜ್ಜಿಯ ಹತ್ತಿರ ಕೇಳುವ ರೀತಿ. ಹಾಡಿನ ಹೆಸರು ಮೊದಲೇ ಹೇಳಬೇಡಿ. 30–40 ಸೆಕೆಂಡು ಕೇಳಿಸಿ ನಿಲ್ಲಿಸಿ, ಸುಮ್ಮನೆ ಕೂರಿ. ಅಷ್ಟರೊಳಗೆ ಫೋನಿನ ರೆಕಾರ್ಡರ್ ಓಡುತ್ತಿರಬೇಕು, ಏಕೆಂದರೆ ಮೊದಲ ಸಲ ಬಂದ ಮಾತು ಎರಡನೇ ಸಲ ಹಾಗೆಯೇ ಬರುವುದಿಲ್ಲ. ‘ಯಾವ ವರ್ಷ?’ ಎಂದು ಕೇಳಿದರೆ ಅವರು ಲೆಕ್ಕಕ್ಕೆ ಬೀಳುತ್ತಾರೆ, ನೆನಪು ಅಲ್ಲಿಗೆ ನಿಲ್ಲುತ್ತದೆ. ‘ಎಲ್ಲಿ ಕೂತು ಕೇಳಿದ್ದಜ್ಜಿ, ಒಟ್ಟಿಗೆ ಯಾರಿದ್ದರು?’ ಎಂದು ಕೇಳಿ. ಒಂದು ಕೂರಾಟಕ್ಕೆ ಆರೇಳು ಹಾಡು ಸಾಕು.

ಮನುಷ್ಯರಿಗೆ ಸುಮಾರು 10ರಿಂದ 30 ವಯಸ್ಸಿನೊಳಗೆ ಕೇಳಿದ್ದೇ ಹೆಚ್ಚು ಗಟ್ಟಿಯಾಗಿ ಉಳಿಯುತ್ತದೆ. ಅಜ್ಜಿಗೆ ಆ ವಯಸ್ಸು ಕ್ಯಾಸೆಟ್ ಮನೆಮನೆಗೆ ಬರುವ ಮೊದಲೇ ಕಳೆದಿದೆ. ಹಾಗಾಗಿ ಮೂರು ಕಾಲಗಳನ್ನು ಬೇರೆ ಬೇರೆ ಬರೆದಿಡಿ: ಹಾಡು ಬಂದದ್ದು, ಅಜ್ಜಿ ಮೊದಲು ಕೇಳಿದ್ದು, ಈ ಕ್ಯಾಸೆಟ್ ತುಂಬಿಸಿದ್ದು. ಇದನ್ನು ಒಂದೇ ಮಾಡಿದರೆ ಮುಂದೆ ಯಾರಿಗೂ ಬಿಡಿಸಲು ಆಗದು.

ಕಾಲ ಗೊತ್ತಾಗದಿದ್ದರೆ ಊರಿನ ಗುರುತು ಹಿಡಿಯಿರಿ: ಮನೆಗೆ ಕರೆಂಟು ಬರುವ ಮೊದಲಾ, ನಂತರವಾ? ಹೊದಿಕೆಯ ಮೇಲಿನ ವಿಳಾಸವೂ ಹೇಳುತ್ತದೆ. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ಕ್ಕೆ, ಕಣ್ಣೂರು ಜಿಲ್ಲೆ ಎಂದಿದ್ದರೆ ಹೆಚ್ಚಾಗಿ ಅದರ ಮೊದಲಿನದು. ಪಿನ್ ಕೋಡ್ ಬಂದದ್ದು 1972ರಲ್ಲಿ. ಮಂಗಳೂರು ಆಕಾಶವಾಣಿಯಿಂದ ಹಿಡಿದದ್ದಾದರೆ 1976ಕ್ಕಿಂತ ಹಿಂದೆ ಹೋಗುವ ಹಾಗಿಲ್ಲ. ಮನೆಯಲ್ಲಿ ತುಂಬಿಸಿದ್ದರ ಹೊದಿಕೆಯನ್ನು ಮಾತ್ರ ನಂಬಬೇಡಿ, ಹಳೆ ಕ್ಯಾಸೆಟ್ಟಿನ ಮೇಲೆಯೇ ಅಳಿಸಿ ತುಂಬಿಸುವುದು ಮಾಮೂಲು.

ನುಡಿಗಂಟು:

ಟ್ಯಾಗಿನ ಬಗ್ಗೆ ಹೇಳುತ್ತೇನೆ. ಹಾಡಿನ ಮೊದಲ ಸಾಲು, ಹಾಡಿದವರು, ಯಕ್ಷಗಾನದ್ದಾದರೆ ಪ್ರಸಂಗ, ಭಾಗವತರು, ರಾಗ, ತಾಳ ಇಷ್ಟೇ ಟ್ಯಾಗಿಗೆ ಹೋಗಲಿ. ನೆನಪು ಅಲ್ಲಿ ಬೇಡ. ಕಾಮೆಂಟ್ ಜಾಗವನ್ನು ಹೆಚ್ಚಿನ ಫೋನ್ ಪ್ಲೇಯರುಗಳು ತೋರಿಸುವುದೇ ಇಲ್ಲ. ಅದಕ್ಕಿಂತ ದೊಡ್ಡ ಕಾರಣ, ಹಾಡನ್ನು ಯಾರಿಗಾದರೂ ಕಳಿಸಿದರೆ ಅಜ್ಜಿ ನೆರೆಮನೆಯವರ ಬಗ್ಗೆ ಹೇಳಿದ ಮಾತೂ ಅದರೊಟ್ಟಿಗೆ ಹೊರಟುಹೋಗುತ್ತದೆ. ಫೈಲಿನ ಹೆಸರೇ ಇಟ್ಟು ಪಕ್ಕದಲ್ಲಿ ಒಂದು ಪಠ್ಯ ಫೈಲ್, ಒಂದು ಧ್ವನಿ ಫೈಲ್ ಮಾಡಿ. ಕ್ಯಾಸೆಟ್ಟಿನ ಮೇಲೆ ಪೆನ್ಸಿಲಿನಲ್ಲಿ 01ರಿಂದ 70 ಬರೆದು ಅದೇ ಸಂಖ್ಯೆಯನ್ನು ಫೈಲಿಗೂ ಕೊಡಿ.

ಬರೆಯುವುದು ಯೂನಿಕೋಡಿನಲ್ಲೇ ಆಗಬೇಕು. ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆ ಫಾಂಟುಗಳಲ್ಲಿ ಹೊಡೆದದ್ದು ಬೇರೆ ಯಂತ್ರದಲ್ಲಿ ಬರೀ ಚಿಹ್ನೆಗಳ ರಾಶಿಯಾಗುತ್ತದೆ. ಎಂಪಿ3 ಆದರೆ ಅದರ ಟ್ಯಾಗಿನ ಮಾದರಿ ಐಡಿ3 ಎರಡನೇ ಆವೃತ್ತಿ ಎಂದು ನೋಡಿಕೊಳ್ಳಿ. ಮೊದಲ ಆವೃತ್ತಿಯಲ್ಲಿ ಹೆಸರಿಗೆ 30 ಅಕ್ಷರದ ಜಾಗ ಮಾತ್ರ, ಕನ್ನಡ ನಿಲ್ಲುವುದಿಲ್ಲ. ಫ್ಲಾಕ್‌ಗೆ ಈ ತಲೆನೋವಿಲ್ಲ. ಕಾರಿನ ಸ್ಟೀರಿಯೋದಲ್ಲಿ ಚೌಕ ಚೌಕ ಕಂಡರೆ ಅದು ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲದ್ದರಿಂದ, ಟ್ಯಾಗನ್ನು ತಿದ್ದಲು ಹೋಗಬೇಡಿ.

ಮಕ್ಕಳಿಗಾಗಿ ಮಲಯಾಳವೋ ಇಂಗ್ಲಿಷೋ ಬೇಕಾದರೆ ಪಠ್ಯದ ಕೆಳಗೆ ಸೇರಿಸಿ. ಅಜ್ಜಿ ಹವ್ಯಕದಲ್ಲೋ ತುಳುವಿನಲ್ಲೋ ಹೇಳಿದ್ದನ್ನು ಮೊದಲು ಹಾಗೆಯೇ ಬರೆಯಿರಿ.

ಪಯಸ್ವಿನಿ_ತಡಿ:

ಎಲ್ಲರಿಗೂ ತುಂಬಾ ಉಪಕಾರ. ನೆನಪನ್ನು ಟ್ಯಾಗಿನಿಂದ ಹೊರಗೇ ಇಡುತ್ತೇನೆ. ಇನ್ನೊಂದು ಸಂಶಯ: ಶೋಭಾನೆಯ ಒಂದು ಕ್ಯಾಸೆಟ್ಟಿನಲ್ಲಿ ಕೊನೆಗೆ ಹೋಗುತ್ತಾ ಸ್ವರ ಕೀರಲಾಗಿ ಏರುತ್ತದೆ. ಬೇರೆ ಕ್ಯಾಸೆಟ್ ಸರಿ ಉಂಟು.

ಚಕ್ರತಾಳ:

ಹಾಗಾದರೆ ನಿಮ್ಮ ಯಂತ್ರದ ತಪ್ಪಲ್ಲ. ತುಂಬಿಸುವಾಗ ಸೆಲ್ಲು ಇಳಿಯುತ್ತಾ ಹೋಗಿದೆ. ಮೋಟಾರ್ ನಿಧಾನವಾದಾಗ ತುಂಬಿದ್ದು ಸರಿಯಾದ ವೇಗದಲ್ಲಿ ಓಡಿಸಿದರೆ ಏರಿ ಕೇಳುತ್ತದೆ. ಸುಮಾರು 6% ವೇಗ ಹೆಚ್ಚಾದರೆ ಶ್ರುತಿ ಅರ್ಧ ಮನೆ ಏರುತ್ತದೆ, ಹಾರ್ಮೋನಿಯಂನ ಬಿಳಿ ಒಂದು ಇದ್ದದ್ದು ಕಪ್ಪು ಒಂದಾದ ಹಾಗೆ. ಮೊದಲ ಹಾಡಿನ ಶ್ರುತಿಯನ್ನು ಹಾರ್ಮೋನಿಯಂನಲ್ಲಿ ಹಿಡಿದಿಟ್ಟುಕೊಂಡು, ನಕಲು ಪ್ರತಿಯನ್ನು ಐದೈದು ನಿಮಿಷದ ತುಂಡು ಮಾಡಿ, ‘ವೇಗ’ ಬದಲಿಸುವ ಆಯ್ಕೆಯಿಂದಲೇ ಇಳಿಸುತ್ತಾ ಬನ್ನಿ. ಶ್ರುತಿ ಮಾತ್ರ ಬದಲಿಸುವ ಆಯ್ಕೆ ಬೇರೆ ಉಂಟು, ಅದನ್ನು ಹಾಕಿದರೆ ಹಾಡು ಓಡಿದ ಹಾಗೆಯೇ ಉಳಿಯುತ್ತದೆ. ಹೆಂಗಸರು ಹಾಡುವಾಗ ತಾವೇ ಶ್ರುತಿ ಸ್ವಲ್ಪ ಏರಿಸಿಕೊಂಡಿರಲೂಬಹುದು. ಆದ್ದರಿಂದ ನಡುವೆ ಬರುವ ಮಾತಿನ ಸ್ವರವನ್ನೂ ನೋಡಿ. ಅದು ಯಾರ ಸ್ವರ, ಸಹಜವಾಗಿ ಕೇಳುತ್ತದಾ ಎಂದು ಅಜ್ಜಿಯನ್ನೇ ಕೇಳಿ.