ಅರ್ಧಕ್ಕೆ ನಿಂತ ವಾಲ್ವ್ ಗಿಟಾರ್ ಆಂಪ್: ಮುಗಿಸಿದವರು ಅನುಭವ ಹೇಳಿ

ಕೇಳಿದವರು: ಬೇರೆಯವರು ಕಟ್ಟಲು ಶುರು ಮಾಡಿ ಬಿಟ್ಟಿದ್ದ ಫೆಂಡರ್ ಚಾಂಪ್ 5ಎಫ್1 (ಗಾಜಿನ ನಿರ್ವಾತ ಕೊಳವೆ, ಅಂದರೆ ವಾಲ್ವ್ ಇರುವ ಹಳೇ ಗಿಟಾರ್ ಆಂಪ್) ನಕಲು ನನ್ನ ಕೈಗೆ ಬಂದಿದೆ. 12ಎಎಕ್ಸ್7, 6ವಿ6, 5ವೈ3 ವಾಲ್ವ್ ಎಲ್ಲ ಇವೆ. ವೈರಿಂಗ್ ಮುಕ್ಕಾಲು ಮುಗಿದಿದೆ. ಹಾಗೇ ಮುಂದುವರಿಸಲಾ, ಬಿಚ್ಚಿ ಮೊದಲಿಂದ ಮಾಡಲಾ?

ಮೈಸೂರಿನವರು: ಬಿಚ್ಚಿ. ನಾನು ಗೆಳೆಯನಿಂದ ಅರೆಬರೆ 5ಇ3 ಡಿಲಕ್ಸ್ (ಫೆಂಡರಿನದೇ ಇನ್ನೊಂದು ಆಂಪ್‌ನ ನಕಲು) ತಗೊಂಡೆ, 9,000 ರೂಪಾಯಿ. ಪವರ್ ಟ್ರಾನ್ಸ್‌ಫಾರ್ಮರ್ ಅಮೆರಿಕದ್ದು, 120 ವೋಲ್ಟ್, 60 ಹರ್ಟ್ಸ್. ಸ್ಟೆಪ್‌ಡೌನ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ನಮ್ಮ 50 ಹರ್ಟ್ಸ್ ಎಲ್ಲಿಗೆ ಹೋಗಬೇಕು? ಹರ್ಟ್ಸ್ ಇಳಿದಿದ್ದಕ್ಕೆ ಕಬ್ಬಿಣದ ಕೋರ್‌ನಲ್ಲಿ ಫ್ಲಕ್ಸ್ (ಕಾಂತೀಯ ಹರಿವು) ಶೇಕಡಾ 20 ಜಾಸ್ತಿ. ಕೈ ಇಡಲಾಗದಷ್ಟು ಕಾಯುತ್ತಿತ್ತು. ಬೆಂಗಳೂರಿನ ಎಸ್‌ಪಿ ರೋಡ್ ಹತ್ತಿರ ಹೊಸದು ಸುತ್ತಿಸಿದೆ, 3,400. ನಾನು ಬರೆದುಕೊಟ್ಟ ಔಟ್‌ಪುಟ್ ವೋಲ್ಟೇಜ್ 325-0-325, ಅವನು ಸುತ್ತಿದ್ದು 400-0-400. ಬಿ ಪ್ಲಸ್ (ವಾಲ್ವಿಗೆ ಹೋಗುವ ಹೈ ಡಿಸಿ ವೋಲ್ಟೇಜ್) 480 ದಾಟಿತು, 450 ವೋಲ್ಟಿನ ಕೆಪಾಸಿಟರ್ ಉಬ್ಬಿ ಸೋರಿತು. ದುಡ್ಡು ವಾಪಸ್ ಕೊಡಲಿಲ್ಲ. ಮತ್ತೊಬ್ಬರ ಹತ್ತಿರ 4,100. ಕೆಪಾಸಿಟರ್, ಸಾಕೆಟ್, ಕೊರಿಯರ್ ಸೇರಿ 31,000 ಆಯಿತು. ಆದರೂ ಇವತ್ತು ಅದರ ದನಿ ಕೇಳಿದರೆ ಒಂದು ರೂಪಾಯಿಯೂ ದಂಡ ಅನಿಸುವುದಿಲ್ಲ.

ಹುಬ್ಬಳ್ಳಿಯವರು: ಬಿಚ್ಚಬೇಡಿ! ನನಗೂ ಎಲ್ಲರೂ ಇದನ್ನೇ ಹೇಳಿದ್ದರು. ನನ್ನ ಚಾಂಪ್ ಆನ್ ಮಾಡಿದ ಕೂಡಲೇ ಕಿರುಚುತ್ತಿತ್ತು, ವಾಲ್ಯೂಮ್ ಸೊನ್ನೆ ಇದ್ದರೂ. ಬಿಚ್ಚುವ ಬದಲು ಮೊದಲು ಹೊಸ ವಾಲ್ವ್ ತರಿಸಿದೆ, ಕಸ್ಟಮ್ಸ್ ಸೇರಿ 5,200. ಕಿರುಚಾಟ ಹಾಗೇ ಇತ್ತು. ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ (ಸ್ಪೀಕರ್ ಕಡೆಯ) ತಂತಿ ಎರಡನ್ನೂ ಅದಲುಬದಲು ಮಾಡಿದೆ, ನಿಂತಿತು. ಔಟ್‌ಪುಟ್‌ನಿಂದ ಹಿಂದಕ್ಕೆ ಬಂದು ಸಿಗ್ನಲ್ ತಗ್ಗಿಸಬೇಕಾದ ನೆಗೆಟಿವ್ ಫೀಡ್‌ಬ್ಯಾಕ್, ಹೆಚ್ಚಿಸುವ ಪಾಸಿಟಿವ್ ಆಗಿತ್ತು, ಅಷ್ಟೇ. ಎಲ್ಲ ಬಿಚ್ಚಿದ್ದರೆ ಮತ್ತೆ ಉಲ್ಟಾ ಹಾಕಿ ಅಲ್ಲಿಗೇ ಬರುತ್ತಿದ್ದೆ.

ಮೈಸೂರಿನವರು: ನಿಮಗೆ ಎರಡು ತಂತಿಯಲ್ಲಿ ಮುಗಿಯಿತು ಅಂತ ಎಲ್ಲರಿಗೂ ಮುಗಿಯುತ್ತದಾ? ಬೇರೆಯವರ ಬೆಸುಗೆ ನಂಬಬಾರದು. ನನ್ನದರಲ್ಲಿ ವಾಲ್ವ್ ಕಾಯಿಸುವ ಹೀಟರ್ ತಂತಿ ಎರಡನ್ನೂ ಒಂದಕ್ಕೊಂದು ಹೊಸೆದೇ ಇರಲಿಲ್ಲ. ಸಿಗ್ನಲ್ ಬರುವ ಗ್ರಿಡ್ ತಂತಿ ಪಕ್ಕದಲ್ಲೇ ಹಾಯಿಸಿದ್ದ. ಹಮ್ (ಗುಂಯ್ ಸದ್ದು) ಬರದೆ ಇನ್ನೇನು?

ಹುಬ್ಬಳ್ಳಿಯವರು: ಹೀಟರ್ ತಂತಿ ಬದಲಿಸಲು ಇಡೀ ಬೋರ್ಡ್ ಕೀಳಬೇಕಾ? ಮೀಟರ್ ಹಿಡಿದು ಹುಡುಕುವ ತಾಳ್ಮೆ ಇಲ್ಲದವರು ಬಿಚ್ಚಿ ಅನ್ನುತ್ತಾರೆ.

ಮೈಸೂರಿನವರು: ತಾಳ್ಮೆ ಬಗ್ಗೆ ನನಗೆ ಹೇಳಬೇಡಿ. 31,000 ಸುರಿದು ಮುಗಿಸಿದವನು ನಾನು.

ಜಯನಗರದವರು: ಇಬ್ಬರೂ ಜಗಳ ಆಮೇಲೆ ಆಡಿ. ಸ್ವಿಚ್ ಆಫ್ ಮಾಡಿದ ಮೇಲೂ ಫಿಲ್ಟರ್ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಕೂತಿರಬಹುದು, ಯಾರೂ ಹೇಳಲಿಲ್ಲ. ನನ್ನ ತಮ್ಮನಿಗೆ ಹಾಗೇ ಹೊಡೆದು ಬೆರಳಿನ ಚರ್ಮ ಸುಟ್ಟಿತ್ತು. ಅದು ಖಾಲಿಯಾಗಲು ಮೊದಲ ಕೆಪಾಸಿಟರಿಗೆ ಅಡ್ಡಲಾಗಿ 220ಕೆ (ಕಿಲೋ ಓಮ್), 2 ವ್ಯಾಟ್ ರೆಸಿಸ್ಟರ್ ಹಾಕಿ. ಒಳಗೆ ಕೈ ಹಾಕುವ ಮುಂಚೆ ಮೀಟರ್‌ನಲ್ಲಿ ನೋಡಿ. ಮೊದಲ ಸಲ ಆನ್ ಮಾಡುವಾಗ 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಮೇನ್ಸ್‌ಗೆ ಸೀರೀಸ್‌ನಲ್ಲಿರಲಿ, ಶಾರ್ಟ್ ಇದ್ದರೆ ಕರೆಂಟ್ ತಡೆಯುತ್ತದೆ. ಎಲ್‌ಇಡಿ ಆಗುವುದಿಲ್ಲ. ಮೂರು ಪಿನ್ ಪ್ಲಗ್, ಚಾಸಿಗೆ ಅರ್ಥ್ ಕಡ್ಡಾಯ. ವಾಲ್ವಿಗೆ ಹೊರದೇಶ ಯಾಕೆ? ಹಳೇ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಇಸಿಸಿ83 ಸಿಕ್ಕರೆ 12ಎಎಕ್ಸ್7 ಜಾಗಕ್ಕೆ ಸೀದಾ ಕೂರುತ್ತದೆ.

ಹುಬ್ಬಳ್ಳಿಯವರು: ಬಿಇಎಲ್ ಹೆಸರಲ್ಲಿ ರೇಡಿಯೊದಿಂದ ಕಿತ್ತ ಸವೆದ ಮಾಲು ಮಾರುತ್ತಾರೆ. ನನಗೆ 1,800ಕ್ಕೆ ಒಂದು ಕೊಟ್ಟರು, ಒಳಗಿನ ಎರಡು ಟ್ರಯೋಡಿನಲ್ಲಿ (ಆಂಪ್ಲಿಫೈ ಮಾಡುವ ಭಾಗ) ಒಂದು ಸತ್ತಿತ್ತು.

ಜಯನಗರದವರು: ಟೆಸ್ಟರ್‌ಗೆ ಹಾಕಿಸದೆ ತಗೊಂಡಿರಾ? ನನ್ನ ಆಂಪ್‌ನಲ್ಲಿ ಜಾಲಹಳ್ಳಿಯಲ್ಲಿ ಆದ ಬಿಇಎಲ್ ವಾಲ್ವ್ ಇವತ್ತೂ ಹಾಡುತ್ತಿದೆ. ಅದರ ಬಗ್ಗೆ ಹಗುರವಾಗಿ ಮಾತಾಡಬೇಡಿ.

ಮೈಸೂರಿನವರು: ಸವೆದ ವಾಲ್ವಿನ ವಿಷಯದಲ್ಲಿ ಹುಬ್ಬಳ್ಳಿಯವರ ಮಾತು ಒಪ್ಪುತ್ತೇನೆ. ಬೋರ್ಡ್ ವಿಷಯದಲ್ಲಿ ಇಲ್ಲ.