ಬಟ್ಟೆಗೆ ತೆರಿಗೆ ಹಾಕಬೇಕಾದ್ದು ಅಂಗಡಿಯಲ್ಲೋ, ಬೋರ್‌ವೆಲ್ ಹತ್ತಿರವೋ?

ಕಟಿಂಗ್‌ಟೇಬಲ್:
ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷದಿಂದ ಕಟಿಂಗ್ ಸೆಕ್ಷನ್‌ನಲ್ಲಿದ್ದೇನೆ. ದಿನಾ ಸಂಜೆ ಟೇಬಲ್ ಕೆಳಗಿನ ಚಿಂದಿಯನ್ನು ಗೋಣಿಚೀಲಕ್ಕೆ ತುಂಬುತ್ತೇವೆ. ಬರೀ ಕಾಟನ್ ಇದ್ದರೆ ಚಿಂದಿಯವನು ಖುಷಿಯಿಂದ ಒಯ್ಯುತ್ತಾನೆ, ಪಾಲಿಯೆಸ್ಟರ್ ಮಿಕ್ಸ್ ಆದರೆ ಮುಖ ಸಿಂಡರಿಸುತ್ತಾನೆ, ಆ ಎರಡನ್ನೂ ಮತ್ತೆ ಬೇರೆ ಮಾಡೋದು ಸುಲಭ ಅಲ್ಲವಲ್ಲ. ಹೋದ ತಿಂಗಳು ಒಂದು ಆರ್ಡರ್ ಕ್ಯಾನ್ಸಲ್ ಆಗಿ, ಹೊಲಿದು ಇಸ್ತ್ರಿ ಮಾಡಿದ ಶರ್ಟುಗಳೇ ರಾಶಿ ಬಿದ್ದವು. ಈಗ ಜಿಎಸ್‌ಟಿ ನೋಡಿ: 2,500 ರೂಪಾಯಿವರೆಗೆ ಶೇ 5, ಅದರ ಮೇಲೆ ಶೇ 18. ಅಂದ್ರೆ ಹತ್ತು ವರ್ಷ ಬಾಳುವ ದುಬಾರಿ ಕೋಟ್‌ಗೆ ಜಾಸ್ತಿ, ಎರಡು ಒಗೆತಕ್ಕೆ ಜೋಲುವ ಟಾಪಿಗೆ ಕಮ್ಮಿ! ಇದರ ಬದಲು ನೀರು, ಪಾಲಿಯೆಸ್ಟರ್‌ಗೆ ಮೂಲವಾದ ಕಚ್ಚಾತೈಲ ತೆಗೆಯುವಲ್ಲೇ ತೆರಿಗೆ ಹಾಕಿದರೆ ಪೋಲು ತಗ್ಗಲ್ವಾ?

ಹಳೇಫೈಲು:
ನೀರಿಗೆ ಹಾಕಿದ್ದರು ಸರ್. 1977ರಲ್ಲಿ ವಾಟರ್ ಸೆಸ್ ಕಾಯ್ದೆ ಬಂತು, ಬಟ್ಟೆ ಮಿಲ್ಲುಗಳೂ ಆ ಪಟ್ಟಿಯಲ್ಲಿದ್ದವು. ನೀರು ಕೆಡಿಸುವವರಿಗೆ ಹೆಚ್ಚು ದರ, ಶುದ್ಧ ಮಾಡುವ ಪ್ಲಾಂಟ್ ಹಾಕಿಸಿದರೆ ರಿಯಾಯಿತಿ. ಆದರೆ ಸಾವಿರ ಲೀಟರಿಗೆ ಪೈಸೆ ಲೆಕ್ಕ! ಅದಕ್ಕೆ ಹೆದರಿ ಯಾರು ನಲ್ಲಿ ನಿಲ್ಲಿಸುತ್ತಾರೆ? 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಅದೂ ಹೋಯಿತು.

ನೊಯ್ಯಲ್_ದಡ:
ತೆರಿಗೆಯಿಂದ ಏನೂ ಆಗಲ್ಲ, ನಾನು ತಿರುಪ್ಪೂರಿನಲ್ಲಿ ಆರು ವರ್ಷ ಇದ್ದವನು ಹೇಳ್ತೀನಿ. ಡೈಯಿಂಗ್ ನೀರು ನೊಯ್ಯಲ್ ಹೊಳೆ ಸೇರಿ, ಒರತ್ತುಪಾಳ್ಯಂ ಅಣೆಕಟ್ಟಿನ ನೀರು ಹೊಲಕ್ಕೆ ಬಿಟ್ಟರೆ ಬೆಳೆ ಸಾಯುತ್ತದೆ ಅಂತ ರೈತರೇ ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ 700ಕ್ಕೂ ಹೆಚ್ಚು ಯೂನಿಟ್ ಮುಚ್ಚಿಸಿತು. ಒಂದು ಹನಿಯೂ ಹೊರಗೆ ಬಿಡಬಾರದು ಅಂದಮೇಲೇ ಅದೇ ನೀರನ್ನು ಸೋಸಿ ಮತ್ತೆ ಬಳಸೋದು ಕಲಿತರು. ಉಳಿಯುವ ಉಪ್ಪಿನ ಗಸಿ ಎಲ್ಲಿಡೋದು ಅನ್ನೋದು ಬೇರೆ ತಲೆನೋವು ಬಿಡಿ.

ಹತ್ತಿಹೊಲ:
ಒಂದು ಕಾಟನ್ ಶರ್ಟಿಗೆ 2,700 ಲೀಟರ್ ನೀರು ಅಂತ ಎಲ್ಲ ಕಡೆ ಹೇಳ್ತಾರೆ, ಅದರಲ್ಲಿ ಹೆಚ್ಚಿನದು ಹತ್ತಿ ಬೆಳೆಯೋಕೇ ಹೋಗೋದು. ನಮ್ಮ ಹಾವೇರಿ ಕಡೆ ಹತ್ತಿ ಹೆಚ್ಚಾಗಿ ಮಳೆ ನಂಬಿಕೊಂಡೇ ಬೆಳೆಯೋದು. ಮೋಡಕ್ಕೆ ತೆರಿಗೆ ಹಾಕ್ತೀರಾ? ಹಾಕೋದಾದರೆ ಬಣ್ಣ ಹಾಕುವ, ವಾಷ್ ಮಾಡುವ ಕಡೆ ಮೀಟರ್ ಇಡಿ, ರೈತನ ಕಡೆ ತಿರುಗಬೇಡಿ.

ಕಟಿಂಗ್‌ಟೇಬಲ್:
@ಹತ್ತಿಹೊಲ, ಒಪ್ಪಿದೆ ಅಣ್ಣಾ, ರೈತನನ್ನು ಬಿಡೋಣ. ಆದರೆ ನೀವೆಲ್ಲ ಹೇಳಿದ್ದು ಓದಿದ ಮೇಲೆ ನನಗೇ ಒಂದು ಹೊಳೀತು. ಬಟ್ಟೆ ತುಟ್ಟಿ ಅಂತ ಮಾರ್ಕರ್ (ಕತ್ತರಿಸುವ ತುಂಡುಗಳನ್ನು ಬಟ್ಟೆ ಮೇಲೆ ಜೋಡಿಸುವ ನಕ್ಷೆ) ಹಾಕುವಾಗ ಅರ್ಧ ಇಂಚಿಗೂ ಬೈಸಿಕೊಳ್ತೀವಿ, ಅಲ್ಲಿ ಬೆಲೆ ಕೆಲಸ ಮಾಡ್ತಿದೆ. ಹೊಲಿದ ರಾಶಿಗೆ ಮಾತ್ರ ಯಾರೂ ಬೈಸಿಕೊಳ್ಳಲ್ಲ.

ಹಳೇಫೈಲು:
ಅದಕ್ಕೇ ಫ್ರಾನ್ಸ್ 2020ರಲ್ಲೇ ಕಾನೂನು ಮಾಡಿ, ಮಾರಾಟವಾಗದ ಬಟ್ಟೆ ಸುಡೋದು, ಹೂಳೋದನ್ನು 2022ರಿಂದ ನಿಲ್ಲಿಸಿದ್ದು. ಬ್ರಿಟನ್ನಿನ ದುಬಾರಿ ಬಟ್ಟೆ ಕಂಪನಿ ಬರ್ಬೆರಿ 2017-18ರಲ್ಲಿ 2.86 ಕೋಟಿ ಪೌಂಡ್ ಬೆಲೆಯ ಮಾಲು ನಾಶ ಮಾಡಿತ್ತು, ಗಲಾಟೆ ಆದಮೇಲೆ 2018ರಲ್ಲಿ ಇನ್ನು ಸುಡಲ್ಲ ಅಂತು. ಅದಿರಲಿ, ನಿಮ್ಮ ಆ ಶರ್ಟುಗಳು ಏನಾದವು?

ಕಟಿಂಗ್‌ಟೇಬಲ್:
ಗೋಡೌನ್‌ನಲ್ಲೇ ಇವೆ ಸರ್. ಲೇಬಲ್ ಕತ್ತರಿಸೋಕೆ ನಾಲ್ಕು ಜನ ಹೆಂಗಸರನ್ನು ಕೂರಿಸಿದ್ದಾರೆ.